ದಾಸವಾಳಕ್ಕೆ ಬಿಳಿ ಹಿಟ್ಟು ಹತ್ತಿದೆಯಾ? ಬೇವಿನ ಎಣ್ಣೆ ಕಲಸುವುದು ಹೀಗೆ

ಕುಂಡದ ದಾಸವಾಳದ ಮೊಗ್ಗಿನ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಬೂಷ್ಟಲ್ಲ, ಹಿಟ್ಟು ತಿಗಣೆ. ರಸ ಹೀರುವ ಹುಳ. ಎಲೆ ಮುದುಡುತ್ತದೆ, ಮೊಗ್ಗು ಅರಳದೆ ಉದುರುತ್ತದೆ.

ಮೊದಲು ಆ ಕುಂಡವನ್ನು ಬೇರೆ ಗಿಡಗಳಿಂದ ದೂರ ಇಡಿ. ಹುಳ ಜಾಸ್ತಿ ಹಿಡಿದ ತುದಿಗಳನ್ನು ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಉಳಿದ ಗಿಡವನ್ನು ಪೈಪಿನ ನೀರಿನಲ್ಲಿ ಜೋರಾಗಿ ತೊಳೆಯಿರಿ. ಸಂದಿಗಳಿಗೆ ಹಳೆಯ ಟೂತ್‌ಬ್ರಷ್ ಸಾಕು.

ಇನ್ನು ಬೇವಿನ ಎಣ್ಣೆ. ನಾನು ನೋಡಿದವರಲ್ಲಿ ಹೆಚ್ಚಿನವರು ಕೆಡಿಸುವುದು ಇಲ್ಲೇ. ನೀರಿಗೆ ಎಣ್ಣೆ ಸುರಿದು, ಬಾಟಲಿ ಅಲ್ಲಾಡಿಸಿ ಹೊಡೆದುಬಿಡುತ್ತಾರೆ. ಎಣ್ಣೆ ಮೇಲೆ ತೇಲುತ್ತದೆ, ಸ್ಪ್ರೇಯರ್ ಕೊಳವೆ ತಳದಿಂದ ಎಳೆಯುತ್ತದೆ, ಹಾಗಾಗಿ ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ಗಿಡಕ್ಕೆ ಬರೀ ಎಣ್ಣೆ. ಆ ಗಿಡದ ಎಲೆ ಸುಟ್ಟುಹೋಗುತ್ತದೆ. ಆಮೇಲೆ ಬೇವಿನ ಎಣ್ಣೆ ಪ್ರಯೋಜನ ಇಲ್ಲ ಅಂತಾರೆ!

ಹೀಗೆ ಮಾಡಿ. ಒಂದು ಲೋಟದಲ್ಲಿ 5 ಮಿಲಿ, ಅಂದರೆ ಒಂದು ಟೀ ಚಮಚ ಬೇವಿನ ಎಣ್ಣೆ ಹಾಕಿ. ಚಳಿಗೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ಇಡಿ. ಎಣ್ಣೆಗೇ ನೇರವಾಗಿ 2 ಮಿಲಿ ದ್ರವ ಸೋಪು ಹಾಕಿ ಚೆನ್ನಾಗಿ ಕಲಸಿ. ನೀರು ಇನ್ನೂ ಬೇಡ. ಎರಡೂ ಒಂದಾದ ಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಸುತ್ತಿರಿ. ಹಾಲಿನಂತೆ ಬೆಳ್ಳಗಾದರೆ ಸರಿಯಾಗಿದೆ. ಮೇಲೆ ಎಣ್ಣೆಯ ಕಣ್ಣು ಕಂಡರೆ ಇನ್ನೂ ಎರಡು ಹನಿ ಸೋಪು ಹಾಕಿ. ಆಮೇಲೆ ಒಂದು ಲೀಟರ್ ಆಗುವಷ್ಟು ನೀರು ಸೇರಿಸಿ, ಅವತ್ತೇ ಮುಗಿಸಿ. ನಾಳೆಗೆ ಇಟ್ಟರೆ ಮತ್ತೆ ಒಡೆಯುತ್ತದೆ.

ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡವೇ ಬೇಡ, ಎಲೆ ಸುಡುತ್ತದೆ. ಅಂಟುವಾಳದ ಕಾಯಿ ನೆನೆಸಿದ ನೀರಾದರೆ ಇನ್ನೂ ಒಳ್ಳೆಯದು, ನಾನು ಬಳಸುವುದು ಅದನ್ನೇ. ನೇರವಾಗಿ ಹೊಡೆಯುವ ರೆಡಿ ಬಾಟಲಿಗೆ ದುಡ್ಡು ಹಾಕಬೇಡಿ. ಒಮ್ಮೆ ತಂದಿದ್ದೆ, ಬೇವಿನ ವಾಸನೆಯೇ ಇರಲಿಲ್ಲ.

ಸಂಜೆ ಹೊತ್ತು, ಎಲೆಯ ಅಡಿಭಾಗ ತೊಯ್ಯುವಂತೆ ಹೊಡೆಯಿರಿ. ಬಿಸಿಲಿನಲ್ಲಿ ಬೇವಿನ ಸತ್ವ ಬೇಗ ಹಾಳಾಗುತ್ತದೆ. ಒಂದು ಸಲಕ್ಕೆ ಮುಗಿಯುವುದಿಲ್ಲ, ಯಾಕೆಂದರೆ ಒಂದು ಹೆಣ್ಣು ಹುಳದ ಹತ್ತಿಯಂಥ ಚೀಲದಲ್ಲಿ ನೂರಾರು ಮೊಟ್ಟೆ ಇರುತ್ತವೆ, ಆ ಮೇಣದೊಳಗೆ ಎಣ್ಣೆ ಇಳಿಯುವುದಿಲ್ಲ. ಮರಿಗಳು ಹೊರಬಂದಾಗಲೇ ಹಿಡಿಯಬೇಕು. ಅದಕ್ಕೇ ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆಯಿರಿ.

ಇರುವೆಗಳನ್ನೂ ನೋಡಿಕೊಳ್ಳಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಅವು ಹುಳಗಳನ್ನು ಕಾಯುತ್ತವೆ, ಮರಿಗಳನ್ನು ಪಕ್ಕದ ಗಿಡಕ್ಕೆ ಹೊತ್ತೊಯ್ಯುತ್ತವೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ಇಡಿ.

ಇನ್ನೊಂದು ಮಾತು. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಉದ್ದ ಬಿಳಿ ಜೂಲಿನ ಹುಳ ಚುರುಕಾಗಿ ಓಡಾಡುತ್ತಿದ್ದರೆ ಸಾಯಿಸಬೇಡಿ. ಅದು ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿ. 1898ರಲ್ಲಿ ಕಾಫಿ ಗಿಡದ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತಂದ ಜಾತಿ ಅದು. ಅದು ಕಂಡ ಗಿಡಕ್ಕೆ ಎಣ್ಣೆ ಹೊಡೆಯುವುದನ್ನು ನಿಲ್ಲಿಸಿ, ಎರಡು ವಾರ ಅದಕ್ಕೇ ಬಿಟ್ಟುಬಿಡಿ.