‘ಆಯ್ತು ಸರ್’ ಎನ್ನುವವರ ದಣಿವನ್ನು ಗುರುತಿಸುವುದು ಹೇಗೆ?

ಉಡುಪಿಯ ಒಂದು ಹಣಕಾಸು ಸಂಸ್ಥೆಯ ಶಾಖೆಯನ್ನು ಕೆಲವು ವರ್ಷ ನೋಡಿಕೊಂಡಿದ್ದೆ. ಕಾರ್ಕಳದಿಂದ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ಸಹೋದ್ಯೋಗಿ ಅಲ್ಲಿದ್ದರು. ಹೊಸ ಸಾಫ್ಟ್‌ವೇರ್ ಬಂದರೆ ಮೊದಲು ಕಲಿಯುವವರು ಅವರು, ಆಡಿಟ್ ಬಂದರೆ ಕಡತ ಹುಡುಕಿ ಕೊಡುವವರೂ ಅವರೇ. ಏನು ಹೇಳಿದರೂ ‘ಆಯ್ತು ಸರ್, ಮಾಡ್ತೇನೆ’. ಕೌಂಟರಿಗೆ ಬಂದ ಅಜ್ಜ ಅಜ್ಜಿಯರ ಹತ್ತಿರ ತುಳುವಿನಲ್ಲಿ ಎರಡು ಮಾತಾಡದೆ ಪಾಸ್‌ಬುಕ್ ಕೊಟ್ಟವರಲ್ಲ.

ಒಂದು ಮಾರ್ಚ್ ಕಳೆದ ಮೇಲೆ ಆ ಮಾತು ನಿಂತಿತು. ಸ್ಕ್ರೀನ್ ನೋಡಿಕೊಂಡೇ ಪಾಸ್‌ಬುಕ್ ಮುಂದೆ ಸರಿಸುತ್ತಿದ್ದರು. ಎಲ್ಲರ ಜೊತೆ ಬುತ್ತಿ ಬಿಚ್ಚುವುದನ್ನು ಬಿಟ್ಟು ಸೀಟಿನಲ್ಲೇ ಊಟ ಮುಗಿಸತೊಡಗಿದರು. ಕೆಲಸ ಆಗುತ್ತಿತ್ತಲ್ಲ, ಹಾಗಾಗಿ ನಾನು ಏನೂ ಕೇಳಲಿಲ್ಲ. ಜುಲೈಯಲ್ಲಿ ರಾಜೀನಾಮೆ ಪತ್ರ ನನ್ನ ಮೇಜಿನ ಮೇಲಿತ್ತು. ‘ಸಾಕಾಗಿದೆ ಸರ್’ ಅಂದರು, ಅಷ್ಟೇ. ನಾನು ಏಪ್ರಿಲ್‌ನಲ್ಲೇ ಕೇಳಬೇಕಿತ್ತು. ಈಗ ಅಂಥದೇ ಏಪ್ರಿಲ್‌ನಲ್ಲಿರುವ ಮ್ಯಾನೇಜರುಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬಚ್ಚೆಲ್ ಬೇರೆ, ಬರ್ನ್‌ಔಟ್ ಬೇರೆ

ತುಳುವಿನಲ್ಲಿ ದಣಿವಿಗೆ ಬಚ್ಚೆಲ್ ಎನ್ನುತ್ತೇವೆ. ಒಂದು ಭಾನುವಾರ ಚೆನ್ನಾಗಿ ನಿದ್ದೆ ಮಾಡಿದರೆ ಬಚ್ಚೆಲ್ ಇಳಿಯುತ್ತದೆ. ಬರ್ನ್‌ಔಟ್ ಹಾಗೆ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸುವಾಗ ಕಾಯಿಲೆ ಎಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಕೆಲಸದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಬಿಟ್ಟಾಗ ಬರುವಂಥದು. ಮೂರು ಗುರುತು: ಮೈಮನಸ್ಸಿನ ಶಕ್ತಿ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಕಹಿಯಾಗುವುದು, ತನ್ನ ಕೈಯಲ್ಲಿ ಏನೂ ಸರಿಯಾಗುತ್ತಿಲ್ಲ ಎನ್ನಿಸುವುದು.

ನಮ್ಮ ಕಣ್ಣು ತಪ್ಪಿಹೋಗುವುದು ಎರಡನೆಯದು. ಆಕಳಿಕೆ ಕಣ್ಣಿಗೆ ಬೀಳುತ್ತದೆ, ಮನಸ್ಸು ದೂರವಾದದ್ದು ಬೀಳುವುದಿಲ್ಲ. ಈ ಪದಕ್ಕೆ 1974ರಲ್ಲಿ ಈಗಿನ ಅರ್ಥ ಕೊಟ್ಟ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಉಚಿತ ಚಿಕಿತ್ಸಾಲಯದಲ್ಲಿ ದುಡಿಯುವವರನ್ನು ನೋಡಿ ಹೀಗೆ ಬರೆದರು: ಕೆಲಸಕ್ಕೆ ಹೆಚ್ಚು ಅರ್ಪಿಸಿಕೊಂಡವರೇ ಇದಕ್ಕೆ ಸಿಲುಕುತ್ತಾರೆ.

ಅವರನ್ನು ಅವರೊಂದಿಗೇ ಹೋಲಿಸಿ

ಪಕ್ಕದ ಸೀಟಿನವರಿಗೆ ಹೋಲಿಸಿದರೆ ಏನೂ ತಿಳಿಯದು. ಆರು ತಿಂಗಳ ಹಿಂದೆ ಇದೇ ವ್ಯಕ್ತಿ ಹೇಗಿದ್ದರು ಎಂದು ನೆನಪಿಸಿಕೊಳ್ಳಿ. ಮೀಟಿಂಗಿನಲ್ಲಿ ವಾದ ಮಾಡುತ್ತಿದ್ದವರು ಈಗ ಎಲ್ಲದಕ್ಕೂ ತಲೆಯಾಡಿಸುತ್ತಿದ್ದಾರೆಯೇ? ಲೆಕ್ಕ ತಪ್ಪದವರ ಲೆಕ್ಕ ತಪ್ಪುತ್ತಿದೆಯೇ? ರಾತ್ರಿವರೆಗೆ ಕೂತರೂ ಕೆಲಸ ಮುಗಿಯುತ್ತಿಲ್ಲವೇ? ಸೋಮವಾರದ ರಜೆಗಳು ಹೆಚ್ಚಿವೆಯೇ? ಆಸ್ಪತ್ರೆಯಲ್ಲಾದರೆ, ರೋಗಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ ನರ್ಸ್ ಈಗ ಬೆಡ್ ನಂಬರ್ ಹೇಳಿ ಮುಂದೆ ಹೋಗುತ್ತಿರಬಹುದು. ಒಂದೇ ದಿನದ ಬದಲಾವಣೆಗೆ ಅರ್ಥ ಹಚ್ಚಬೇಡಿ, ಮೂರು ನಾಲ್ಕು ವಾರ ಹಾಗೇ ಇದ್ದರೆ ಕೇಳಿ.

ಕೇಳುವುದಕ್ಕೂ ಒಂದು ರೀತಿ ಇದೆ

‘ಏನಾಗಿದೆ ನಿಮಗೆ?’ ಎಂದರೆ ‘ಏನಿಲ್ಲ ಸರ್’ ಎಂಬ ಉತ್ತರವೇ ಬರುವುದು. ಆ ಪ್ರಶ್ನೆಯಲ್ಲಿ ಆರೋಪದ ದನಿ ಇದೆ. ಉಳಿದವರಿಲ್ಲದ ಹೊತ್ತು ನೋಡಿ, ಕಂಡದ್ದನ್ನು ಹೇಳಿ: ‘ನೀವು ಮೊದಲಿನ ಹಾಗೆ ಇಲ್ಲ ಅಂತ ನನಗೆ ಕಾಣ್ತದೆ. ನಿಮ್ಮ ಕೈಯಲ್ಲಿರುವ ಯಾವ ಕೆಲಸ ತೆಗೆದರೆ ಸ್ವಲ್ಪ ಉಸಿರಾಡ್ಲಿಕ್ಕೆ ಆಗ್ತದೆ?’ ಆಮೇಲೆ ಸುಮ್ಮನಿರಿ. ‘ನಮ್ಮ ಕಾಲದಲ್ಲಿ’ ಎಂದು ಶುರುಮಾಡಬೇಡಿ. ಯೋಗ ಮಾಡಿ ಎಂಬ ಸಲಹೆಯೂ ಆಗ ಬೇಡ. ಭಾರ ಹೊರಿಸಿದವರೇ ಬೆನ್ನು ಗಟ್ಟಿ ಮಾಡಿಕೊಳ್ಳಿ ಎಂದ ಹಾಗಾಗುತ್ತದೆ. ಅವರು ಹೇಳಿದ್ದು ನಿಮ್ಮಲ್ಲೇ ಇರಲಿ. ಅದರಲ್ಲಿ ಒಂದನ್ನಾದರೂ ಎರಡು ದಿನದೊಳಗೆ ಮಾಡಿ ತೋರಿಸಿ, ಇಲ್ಲವಾದರೆ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ನಿದ್ದೆಯೇ ಬಾರದಿರುವುದು, ಬದುಕೇ ಬೇಡ ಎಂಬ ಮಾತು ಬಂದರೆ ಅದು ಮ್ಯಾನೇಜರ್ ಒಬ್ಬರೇ ನಿಭಾಯಿಸುವ ವಿಷಯವಲ್ಲ. ಖಿನ್ನತೆಯೂ ಹೊರಗಿನಿಂದ ಹೀಗೇ ಕಾಣಬಹುದು. ತಡಮಾಡದೆ ವೈದ್ಯರಲ್ಲಿಗೆ ಹೋಗಲು ಜೊತೆಯಾಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಸರಿಮಾಡಬೇಕಾದ್ದು ಕೆಲಸವನ್ನು

ಬರ್ನ್‌ಔಟನ್ನು ದೀರ್ಘಕಾಲ ಅಧ್ಯಯನ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೀಟರ್ ಆರು ಕಡೆ ನೋಡಲು ಹೇಳುತ್ತಾರೆ: ಕೆಲಸದ ಹೊರೆ, ಅದರ ಮೇಲೆ ತನಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯ. ನಮ್ಮ ಕಡೆಯ ಕಚೇರಿಗಳಲ್ಲಿ ಹೊರೆ ಮತ್ತು ನ್ಯಾಯ ಒಂದಕ್ಕೊಂದು ಅಂಟಿಕೊಂಡಿವೆ ಎಂದು ನನ್ನ ಅನುಭವ. ಚೆನ್ನಾಗಿ ಮಾಡುವವರ ಮೇಜಿಗೇ ಇನ್ನೊಂದು ಫೈಲ್ ಹೋಗುತ್ತದೆ. ಮಾಡದವರು ಐದೂವರೆಗೆ ಮನೆಗೆ ಹೋಗುತ್ತಾರೆ.

ಒಂದು ಹಾಳೆಯಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಬರೆಯಿರಿ. ಹುದ್ದೆಯಲ್ಲಿ ಇಲ್ಲದ ಕೆಲಸವನ್ನೂ ಸೇರಿಸಿ: ಪ್ರಿಂಟರ್ ಸರಿಮಾಡುವುದು, ಹೊಸಬರಿಗೆ ಕಲಿಸುವುದು, ಸಿಟ್ಟಾದ ಗ್ರಾಹಕರನ್ನು ಸಮಾಧಾನಿಸುವುದು. ನಾನು ಈ ಹಾಳೆ ಬರೆದದ್ದು ಆ ರಾಜೀನಾಮೆಯ ನಂತರ. ಅವರ ಕೆಲಸವನ್ನು ಮೂವರಿಗೆ ಹಂಚಬೇಕಾಯಿತು.

ದುಡಿಮೆಯ ಗಂಟೆಗೂ ಲೆಕ್ಕ ಇಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ಹೆಚ್ಚುವರಿ ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂದಿತು. ಆಗ ವಾಟ್ಸ್‌ಆ್ಯಪ್ ಇರಲಿಲ್ಲ. ರಾತ್ರಿ ಹತ್ತಕ್ಕೆ ನೀವು ಕಳಿಸುವ ಸಂದೇಶವೂ ಕೆಲಸವೇ. ಬರೆದಿಟ್ಟು ಬೆಳಿಗ್ಗೆ ಕಳಿಸಿ.

ಕಚೇರಿಗೂ ಒಂದು ಪತ್ತನಾಜೆ

ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ತುಳುನಾಡಿನಲ್ಲಿ ಪತ್ತನಾಜೆ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ನಿಲ್ಲುತ್ತವೆ. ಜೂನ್ 1ರಿಂದ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮೀನಿನ ಸಂತತಿ ಉಳಿಯಲೆಂದು ಮಾಡಿದ ನಿಯಮ ಅದು, ಆದರೆ ಮಲ್ಪೆ ಬಂದರಿನಲ್ಲಿ ಬಲೆ ಹೆಣೆಯಲು, ಬೋಟು ರಿಪೇರಿ ಮಾಡಲು ಸಿಗುವುದು ಆ ದಿನಗಳೇ. ಯಾರೂ ಕೈಕಟ್ಟಿ ರಜೆ ಕೇಳಬೇಕಾಗಿಲ್ಲ. ನಿಲ್ಲುವ ದಿನ ಎಲ್ಲರಿಗೂ ಮೊದಲೇ ಗೊತ್ತು.

ನಿಮ್ಮಲ್ಲಿ ಹೆಚ್ಚು ಕೆಲಸದ ಕಾಲ ಯಾವುದೆಂದು ನಿಮಗೆ ಗೊತ್ತಿದೆ. ಅದು ಮಾರ್ಚ್ ಆದರೆ, ಏಪ್ರಿಲ್‌ನ ರಜೆಯನ್ನು ಜನವರಿಯಲ್ಲೇ ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದುಬಿಡಿ. ‘ಆಯ್ತು ಸರ್’ ಎನ್ನುವವರ ಹೆಸರು ಮೊದಲು ಬರಲಿ, ಏಕೆಂದರೆ ಅವರು ಕೇಳುವುದಿಲ್ಲ. ಪಾಸ್‌ವರ್ಡ್ ಇರುವ ಕೆಲಸ, ಬೀಗದ ಕೈ ಇರುವ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಗೊತ್ತುಮಾಡಿ, ಅವರಿಗೆ ಹೇಳಿಕೊಡಲು ಒಂದು ವಾರ ಮೊದಲೇ ಸಮಯ ಕೊಡಿ. ಅವರು ರಜೆಯಲ್ಲಿರುವಾಗ ಒಂದು ಫೈಲ್ ಸಿಗದಿದ್ದರೆ ನೀವೇ ಎದ್ದು ಹುಡುಕಿ.