ಹೊಸದಾಗಿ ಬಂದವರಿಗೆ: ಇಂಗ್ಲೆಂಡಲ್ಲಿ ಮನೆ ಓನರ್ ಮಾಡಲೇಬೇಕಾದ ಕೆಲಸಗಳು

ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್ ಕಡೆ ಕೆಲಸ ಸಿಕ್ಕಿರೋರು ಇದನ್ನ ನಂಬ್ಕೊಂಡು ಹೋಗ್ಬೇಡಿ, ಅಲ್ಲಿ ಬಾಡಿಗೆ ಕಾನೂನೇ ಬೇರೆ.

ನಮ್ಮೋರು ಬಂದ ಹೊಸದರಲ್ಲಿ ಮನೆ ಸಿಕ್ಕಿದ್ದೇ ಪುಣ್ಯ ಅಂತ ಅಗ್ರಿಮೆಂಟ್ ಓದದೇ ಸೈನ್ ಹಾಕಿಬಿಡ್ತಾರೆ. ಊರಲ್ಲಿ ಗೀಸರ್ ಕೆಟ್ರೆ ನಾವೇ ಯಾರನ್ನಾದ್ರೂ ಕರೆಸ್ತಿದ್ವಿ, ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಂಡ್ರೂ ಸುಮ್ನಿರ್ತಿದ್ವಿ, ಅದೇ ಅಭ್ಯಾಸ ಇಲ್ಲೂ ಮುಂದುವರಿಯತ್ತೆ. ದಯವಿಟ್ಟು ಬಿಡಿ. ಇಲ್ಲಿ ರಿಪೇರಿ, ಸುರಕ್ಷತೆ ಇವೆಲ್ಲ ಓನರ್ ಮೇಲೆ ಕಾನೂನೇ ಹಾಕಿರೋ ಹೊಣೆ, ಕೇಳೋದಕ್ಕೆ ದಾಕ್ಷಿಣ್ಯ ಬೇಡ.

ಡೆಪಾಸಿಟ್

ಇದನ್ನ ಎರಡು ಸಲ ಓದಿ. ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಮ್ಮಿ ಇದ್ರೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತಗೊಳೋ ಹಾಗಿಲ್ಲ, ಇದು 2019ರ ಟೆನೆಂಟ್ ಫೀಸ್ ಆಕ್ಟ್. ಮನೆ ಹಿಡಿದಿಡೋಕೆ ಕೊಡೋ ಹೋಲ್ಡಿಂಗ್ ಡೆಪಾಸಿಟ್ ಒಂದು ವಾರದ ಬಾಡಿಗೆ, ಅಷ್ಟೇ. ಅಡ್ಮಿನ್ ಫೀ, ರೆಫರೆನ್ಸ್ ಫೀ ಅಂತ ಏಜೆಂಟ್ ಕೇಳಿದ್ರೆ ಕೊಡಬೇಡಿ.

ಕೊಟ್ಟ ಡೆಪಾಸಿಟ್ ಓನರ್ ಜೇಬಲ್ಲಿ ಸುಮ್ನೆ ಇರೋ ಹಾಗಿಲ್ಲ. 30 ದಿನದೊಳಗೆ ಸರ್ಕಾರ ಒಪ್ಪಿರೋ ಮೂರು ಸ್ಕೀಮಲ್ಲಿ, ಅಂದ್ರೆ ಡೆಪಾಸಿಟ್ ಪ್ರೊಟೆಕ್ಷನ್ ಸರ್ವೀಸ್, ಮೈಡೆಪಾಸಿಟ್ಸ್, ಟೆನೆನ್ಸಿ ಡೆಪಾಸಿಟ್ ಸ್ಕೀಮ್, ಇವುಗಳಲ್ಲಿ ಒಂದರಲ್ಲಿ ನೋಂದಾಯಿಸಿ ಅದರ ವಿವರ ನಿಮಗೆ ಬರಹದಲ್ಲಿ ಕೊಡಬೇಕು. ಮಾಡದೇ ಇದ್ರೆ ಕೋರ್ಟು ಡೆಪಾಸಿಟ್‌ನ ಒಂದರಿಂದ ಮೂರು ಪಟ್ಟು ದುಡ್ಡು ನಿಮಗೆ ಕೊಡಿಸಬಹುದು. ತಿಂಗಳಾದ ಮೇಲೆ ಮೂರೂ ಸ್ಕೀಮಿನ ವೆಬ್‌ಸೈಟಲ್ಲಿ ನಿಮ್ಮ ಹೆಸರು ಹಾಕಿ ಹುಡುಕಿ, ಐದು ನಿಮಿಷದ ಕೆಲಸ, ಆದರೂ ನಮ್ಮೋರು ಅರ್ಧಕ್ಕರ್ಧ ಜನ ಮಾಡಲ್ಲ.

ಮನೆಗೆ ಕಾಲಿಟ್ಟ ದಿನ ಸಾಮಾನು ಇಳಿಸೋ ಮುಂಚೆ ವಿಡಿಯೋ ತೆಗೀರಿ. ಅವನ್ ಒಳಗೆ, ಕಾರ್ಪೆಟ್ ಮೂಲೆ, ಹಾಸಿಗೆಯ ಎರಡೂ ಬದಿ, ಕರ್ಟನ್ ಹಿಂದಿನ ಗೋಡೆ, ಮೀಟರ್ ರೀಡಿಂಗ್. ಇನ್ವೆಂಟರಿ ಕಾಗದದಲ್ಲಿ (ಮನೆಯ ಸಾಮಾನು, ಅದರ ಸ್ಥಿತಿಯ ಪಟ್ಟಿ) ಇಲ್ಲದ ಕಲೆ ಕಂಡ್ರೆ ಅವತ್ತೇ ಇಮೇಲ್ ಮಾಡಿ. ಬಳಸಿ ಸವೆದಿದ್ದಕ್ಕೆ ದುಡ್ಡು ಹಿಡಿಯೋ ಹಾಗಿಲ್ಲ. ನನಗೆ ಪರಿಚಯದ ಒಂದು ಕುಟುಂಬಕ್ಕೆ ಹಳೇ ಕಾರ್ಪೆಟ್ಟನ್ನ ಪೂರ್ತಿ ಹೊಸದು ಮಾಡಿಸೋ ಖರ್ಚು ಹಾಕಿದ್ರು, ಸ್ಕೀಮಿನ ಉಚಿತ ವಿವಾದ ವಿಭಾಗಕ್ಕೆ ಫೋಟೋ ಸಮೇತ ಬರೆದ್ರು, ಬಹುಪಾಲು ದುಡ್ಡು ವಾಪಸ್ ಬಂತು. ಹಾನಿ ಆಗಿದೆ ಅಂತ ತೋರಿಸೋ ಹೊಣೆ ಓನರ್‌ದು, ನಿಮ್ಮದಲ್ಲ.

ಓನರ್ ಜೊತೆ ಅದೇ ಮನೆಯಲ್ಲಿ ಬರೀ ಒಂದು ರೂಮ್ ತಗೊಂಡಿದ್ರೆ ಈ ಡೆಪಾಸಿಟ್ ಸ್ಕೀಮಿನ ನಿಯಮ ಅನ್ವಯಿಸಲ್ಲ, ಗಮನದಲ್ಲಿರಲಿ.

ಕೇಳಿ ತಗೋಬೇಕಾದ ಕಾಗದಗಳು

- ಗ್ಯಾಸ್ ಸೇಫ್ಟಿ ರೆಕಾರ್ಡ್, ವರ್ಷಕ್ಕೊಮ್ಮೆ
- ಎಲೆಕ್ಟ್ರಿಕಲ್ ರಿಪೋರ್ಟ್, ಐದು ವರ್ಷಕ್ಕೊಮ್ಮೆಯಾದ್ರೂ
- ಎನರ್ಜಿ ಸರ್ಟಿಫಿಕೇಟ್, ಸಾಮಾನ್ಯವಾಗಿ 'ಇ' ದರ್ಜೆಗಿಂತ ಕೆಳಗಿರಬಾರದು
- ಡೆಪಾಸಿಟ್ ಪತ್ರ
- ಐದು ಅಥವಾ ಹೆಚ್ಚು ಜನ ಬೇರೆ ಬೇರೆ ಮನೆಯವರು ಸೇರಿ ಇದ್ರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಲೈಸೆನ್ಸ್

ಗ್ಯಾಸ್ ಚೆಕ್ ಮಾಡೋಕೆ ಬಂದೋರ ಗ್ಯಾಸ್ ಸೇಫ್ ಕಾರ್ಡ್ (ಗ್ಯಾಸ್ ಕೆಲಸದೋರ ನೋಂದಣಿ ಗುರುತುಚೀಟಿ) ತಿರುಗಿಸಿ ನೋಡಿ, ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಹಿಂಭಾಗದಲ್ಲಿರತ್ತೆ. ಪ್ರತಿ ಮಹಡಿಯಲ್ಲೂ ಸ್ಮೋಕ್ ಅಲಾರ್ಮ್, ಬಾಯ್ಲರ್ ಇರೋ ರೂಮಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಓನರ್ ಹಾಕಿಸಬೇಕು. ಒಗ್ಗರಣೆಗೆ ಕೂಗತ್ತೆ ಅಂತ ಬ್ಯಾಟರಿ ತೆಗೆದು ಡ್ರಾಯರಲ್ಲಿ ಇಡೋರಿಗೆ ಒಂದು ಮಾತು: ಮನೆಯಲ್ಲಿ ಮಕ್ಕಳಿದ್ದಾರೆ, ವಾಪಸ್ ಹಾಕಿ, ಕಿಟಕಿ ತೆಗೀರಿ.

ಬೂಷ್ಟು, ತೇವ, ರಿಪೇರಿ

ಚಳಿಗಾಲದಲ್ಲಿ ಹೊರಗೋಡೆಗೆ ಆನಿಸಿಟ್ಟ ವಾರ್ಡ್‌ರೋಬ್ ಎಳೆದು ನೋಡಿ, ಹಿಂದೆ ಕಪ್ಪು ಚುಕ್ಕಿ ಇರತ್ತೆ, ರೇಷ್ಮೆ ಸೀರೆಗೂ ಹತ್ತಿರತ್ತೆ. ಓನರಿಗೆ ಹೇಳಿದ್ರೆ ನೀವು ಜಾಸ್ತಿ ಅಡುಗೆ ಮಾಡ್ತೀರಿ, ಒಳಗೆ ಬಟ್ಟೆ ಒಣಗಿಸ್ತೀರಿ ಅಂತಾರೆ, ನಮ್ಮೋರು ನಾಚ್ಕೊಂಡು ಬ್ಲೀಚ್ ತಂದು ತಾವೇ ಒರೆಸ್ತಾರೆ. ರಾಚ್‌ಡೇಲಲ್ಲಿ 2020ರ ಡಿಸೆಂಬರಲ್ಲಿ ಅವಾಬ್ ಇಶಾಕ್ ಅನ್ನೋ ಎರಡು ವರ್ಷದ ಮಗು ತೀರಿಕೊಳ್ತು, ಮನೆಯ ಬೂಷ್ಟೇ ಕಾರಣ ಅಂತ ಕರೋನರ್ (ಸಾವಿನ ಕಾರಣ ವಿಚಾರಣೆ ಮಾಡೋ ಅಧಿಕಾರಿ) ಹೇಳಿದ್ರು, ಆ ಕುಟುಂಬಕ್ಕೂ ನಿಮ್ಮ ಜೀವನಶೈಲಿ ಸರಿ ಇಲ್ಲ ಅನ್ನೋ ಉತ್ತರವೇ ಸಿಕ್ಕಿತ್ತು. ಆದ್ದರಿಂದ ಇದನ್ನ ಸಣ್ಣ ವಿಷಯ ಅನ್ಕೋಬೇಡಿ.

ಕಿಟಕಿ ತೆರೆಯೋದು, ಎಕ್ಸಾಸ್ಟ್ ಫ್ಯಾನ್ ಹಾಕೋದು ನಮ್ಮ ಕೆಲಸ, ನಿಜ. ಆದರೆ ಛಾವಣಿ ಸೋರಿಕೆ, ಗೋಡೆ, ಗಟಾರ, ಪೈಪು, ಹೀಟಿಂಗ್, ಬಿಸಿನೀರು ಸರಿ ಇಡೋದು 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್ ಪ್ರಕಾರ ಓನರ್ ಹೊಣೆ, ಮನೆ ವಾಸಕ್ಕೆ ಯೋಗ್ಯ ಇರಬೇಕು ಅಂತ 2018ರ ಇನ್ನೊಂದು ಕಾಯ್ದೆಯೂ ಇದೆ. ಫೋನಲ್ಲಿ ಹೇಳಿ ಬಿಡಬೇಡಿ, ಫೋಟೋ ಹಾಕಿ ತಾರೀಖಿನ ಸಮೇತ ಇಮೇಲ್ ಮಾಡಿ. ಜಗ್ಗದಿದ್ರೆ ಕೌನ್ಸಿಲ್‌ನ ಎನ್ವಿರಾನ್ಮೆಂಟಲ್ ಹೆಲ್ತ್ ವಿಭಾಗಕ್ಕೆ ಬರೀರಿ. ಸಲಹೆ ಕೊಡೋ ಸಂಸ್ಥೆಗಳಾದ ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಎರಡೂ ಉಚಿತ. ರಿಪೇರಿ ಆಗ್ಲಿಲ್ಲ ಅಂತ ಬಾಡಿಗೆ ಮಾತ್ರ ನಿಲ್ಲಿಸಬೇಡಿ, ಕೇಸು ನಿಮ್ಮ ಮೇಲೇ ತಿರುಗತ್ತೆ.

ಮನೆ ನೋಡೋಕೆ ಬರೋ ಮುಂಚೆ ಓನರ್ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು. ಬೀಗ ಬದಲಾಯಿಸಿ ಹೊರಗೆ ಹಾಕೋದು ಅಪರಾಧ.

2026ರ ಬದಲಾವಣೆ

ರೆಂಟರ್ಸ್ ರೈಟ್ಸ್ ಆಕ್ಟ್ ಪ್ರಕಾರ 2026 ಮೇ 1ರಿಂದ ಕಾರಣ ಕೊಡದೇ ಖಾಲಿ ಮಾಡಿಸೋ ಸೆಕ್ಷನ್ 21 ಇಲ್ಲ, ಬಾಡಿಗೆ ವರ್ಷಕ್ಕೆ ಒಂದೇ ಸಲ ಏರಿಸಬಹುದು, ಅದೂ ಎರಡು ತಿಂಗಳ ನೋಟಿಸ್ ಕೊಟ್ಟು. ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ ಅಂತ ಆರು ತಿಂಗಳ ಬಾಡಿಗೆ ಮುಂಗಡ ಕೇಳ್ತಿದ್ರಲ್ಲ, ಹೊಸ ಟೆನೆನ್ಸಿಗೆ (ಬಾಡಿಗೆ ಕರಾರಿಗೆ) ಒಂದು ತಿಂಗಳಿಗಿಂತ ಜಾಸ್ತಿ ಕೇಳೋ ಹಾಗಿಲ್ಲ. ಊರಿಂದ ಸಾಲ ಮಾಡಿ ದುಡ್ಡು ತರಿಸಿದೋರನ್ನ ನೋಡಿದ್ದೀವಿ, ಈ ಒಂದು ಬದಲಾವಣೆ ನಮಗೆ ತುಂಬಾ ದೊಡ್ಡದು.

ನಮ್ಮಲ್ಲೇ ಓನರ್ ಆಗಿರೋರಿಗೆ

ನಮ್ಮೋರು ಕಷ್ಟಪಟ್ಟು ಇಲ್ಲಿ ಎರಡನೇ ಮನೆ ತಗೊಂಡಿದ್ದಾರೆ, ಹೆಮ್ಮೆ ಇದೆ. ಆದರೆ ಕನ್ನಡದೋರಿಗೇ ಕೊಟ್ಟಿದ್ದೀನಿ, ಅಗ್ರಿಮೆಂಟ್ ಯಾಕೆ, ಸ್ಕೀಮ್ ಯಾಕೆ ಅನ್ನೋದು ತಪ್ಪು. ಗ್ಯಾಸ್ ಚೆಕ್, ರೈಟ್ ಟು ರೆಂಟ್ ಚೆಕ್ (ಬಾಡಿಗೆಗೆ ಬರೋರಿಗೆ ಇಲ್ಲಿ ಬಾಡಿಗೆಗಿರೋ ಹಕ್ಕಿದೆಯಾ ಅಂತ ನೋಡೋದು) ನಿಮಗೂ ಕಡ್ಡಾಯ, ಹದಿನೆಂಟು ದಾಟಿದ ಪ್ರತಿಯೊಬ್ಬರ ಶೇರ್ ಕೋಡ್ (ವೀಸಾ ಸ್ಥಿತಿ ಆನ್‌ಲೈನಲ್ಲಿ ತೋರಿಸೋ ಸಂಕೇತ), ಬ್ರಿಟಿಷ್ ಪ್ರಜೆಗಳಾದ್ರೆ ಪಾಸ್‌ಪೋರ್ಟ್ ನೋಡಿ ದಾಖಲೆ ಇಟ್ಕೊಳ್ಳಿ. ಬಾಡಿಗೆಗೆ ಬಂದಿರೋ ಹುಡುಗ ನಿಮ್ಮನ್ನ ಅಣ್ಣಾ ಅಂತ ಕರೀತಾನೆ, ಡೆಪಾಸಿಟ್ ಪತ್ರ ಕೇಳೋಕೆ ಅವನಿಗೆ ಬಾಯಿ ಬರಲ್ಲ, ನೀವಾಗೇ ಕೊಡಿ.