ಕಾರಿನ ಎಕ್ಸಾಸ್ಟ್ ಮನೆಯಲ್ಲೇ ಕಟ್ಟುವುದು: ಟ್ಯಾಕ್ ಗಾಡಿಯಡಿ, ವೆಲ್ಡಿಂಗ್ ಮೇಜಿನ ಮೇಲೆ

ಎಕ್ಸಾಸ್ಟ್ ಕೆಲಸದಲ್ಲಿ ವೆಲ್ಡಿಂಗಿಗೆ ಹಿಡಿಯುವ ಹೊತ್ತು ಕಡಿಮೆ. ಅಳೆಯುವುದು, ಕತ್ತರಿಸುವುದು, ಪೈಪಿನ ಬಾಯಿಗೆ ಬಾಯಿ ಕೂಡಿಸುವುದು, ಇದರಲ್ಲೇ ದಿನ ಕಳೆಯುತ್ತದೆ, ಕಳೆಯಲೂ ಬೇಕು. ಸಂದು ಸರಿಯಾಗಿ ಕೂತಿದ್ದರೆ ತಂತಿ ತಾನೇ ಹೊರಬರುತ್ತಾ ಬೆಸೆಯುವ ಸಾಧಾರಣ ಮಿಗ್ ಯಂತ್ರದಲ್ಲೂ ಸೋರದ ಜೋಡಣೆ ಬರುತ್ತದೆ. ಮೂರು ಮಿ.ಮೀ. ಸಂದು ಬಿಟ್ಟು ಅದನ್ನು ತಂತಿಯಿಂದ ತುಂಬಲು ಹೋದರೆ ತೆಳ್ಳಗಿನ ಪೈಪು ತೂತು ಬೀಳುತ್ತದೆ.

ಟರ್ಬೊ ಇಲ್ಲದ ಒಂದೂವರೆ, ಎರಡು ಲೀಟರಿನ ಎಂಜಿನ್ನಿಗೆ 51ರಿಂದ 57 ಮಿ.ಮೀ. ಪೈಪು ಸಾಕು. ಅದಕ್ಕಿಂತ ದಪ್ಪ ಹಾಕಿದರೆ ಸದ್ದು ಹೆಚ್ಚೀತೇ ಹೊರತು ಎಳೆತ ಹೆಚ್ಚದು. ಗೋಡೆ 1.5 ಮಿ.ಮೀ. ಇರಲಿ. ತಿರುವುಗಳಿಗೆ ಒಳಗೆ ಅಚ್ಚು ತೂರಿಸಿ ಬಾಗಿಸಿದ ಮ್ಯಾಂಡ್ರೆಲ್ ಬೆಂಡನ್ನೇ ತೆಗೆದುಕೊಳ್ಳುತ್ತೇನೆ, ಬಾಗಿದ ಜಾಗದಲ್ಲಿ ಅದು ಚಪ್ಪಟೆಯಾಗುವುದಿಲ್ಲ. 304 ಸ್ಟೇನ್‌ಲೆಸ್ ಬಾಳಿಕೆ ಬರುತ್ತದೆ. ಅಲ್ಯುಮಿನಿಯಂ ಲೇಪದ ಉಕ್ಕು ಅಗ್ಗ, ಬೆಸೆಯಲು ಸುಲಭ, ಆದರೆ ಬೆಸುಗೆಯ ಸುತ್ತ ಲೇಪ ಸುಟ್ಟುಹೋಗುವುದರಿಂದ ಅಲ್ಲಿ ಶಾಖ ತಡೆಯುವ ಬಣ್ಣ ಬಳಿಯಲೇಬೇಕು. ಸತು ಲೇಪಿಸಿದ ನೀರಿನ ಜಿಐ ಪೈಪು ಮಾತ್ರ ಬೇಡವೇ ಬೇಡ. ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಖಚಿತ.

ಗಾಡಿ ಎತ್ತುವ ರೀತಿಯಲ್ಲೇ ಅರ್ಧ ಜನ ಎಡವುತ್ತಾರೆ. ಬಾಡಿ ಕೆಳಗೆ ಸ್ಟ್ಯಾಂಡ್ ಕೊಟ್ಟರೆ ಹಿಂದಿನ ಆಕ್ಸಲ್ ಜೋತುಬೀಳುತ್ತದೆ. ಆಗ ಅದರ ಮೇಲೆ ಹಾಯುವ ಪೈಪಿಗೆ ಧಾರಾಳ ಜಾಗ ಕಾಣುತ್ತದೆ. ಚಕ್ರ ನೆಲಕ್ಕಿಳಿದು ಹಿಂದೆ ಇಬ್ಬರು ಕೂತ ಮೇಲೆ ಅದೇ ಪೈಪು ಆಕ್ಸಲ್ಲಿಗೆ ಬಡಿಯುತ್ತದೆ. ಆದ್ದರಿಂದ ಹಿಂಭಾಗದಲ್ಲಿ ಸ್ಟ್ಯಾಂಡನ್ನು ಆಕ್ಸಲ್ ಅಡಿಗೇ ಕೊಡಿ, ಇಲ್ಲವೇ ನಾಲ್ಕೂ ಚಕ್ರ ರ‍್ಯಾಂಪಿನ ಮೇಲಿರಲಿ. ಆಕ್ಸಲ್ ಮೇಲಕ್ಕೆ ಚಲಿಸುವ ಅಷ್ಟೂ ದೂರ ಖಾಲಿ ಇರಬೇಕು. ಬೇರೆಡೆ ಸುತ್ತಲೂ 25 ಮಿ.ಮೀ. ಬಿಡುತ್ತೇನೆ. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು, ಕೀಲುಗಳನ್ನು ಮುಚ್ಚುವ ರಬ್ಬರ್ ಬೂಟುಗಳ ಬಳಿ ಇನ್ನೂ ಹೆಚ್ಚು ಜಾಗ, ಜೊತೆಗೆ ಶಾಖದ ತಗಡು.

ಸೈಲೆನ್ಸರನ್ನು ಮೊದಲು ಅದರ ಜಾಗದಲ್ಲಿ ಹ್ಯಾಂಗರಿಗೆ ತೂಗುಹಾಕಿ, ಮುಂದೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಫ್ಲ್ಯಾಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ಬಿಗಿದು, ನಡುವೆ ಉಳಿದದ್ದನ್ನು ಪೈಪಿನಿಂದ ತುಂಬುತ್ತಾ ಬರುತ್ತೇನೆ. ಕತ್ತರಿಸುವ ಗೆರೆ ನೇರ ಬರಲು ಪೈಪಿಗೆ ಹೋಸ್ ಕ್ಲಿಪ್ ಸುತ್ತಿ, ಅದರ ಅಂಚಿಗೆ ಮಾರ್ಕರ್ ಎಳೆದರೆ ಸಾಕು. ಗ್ರೈಂಡರಿಗೆ 1 ಮಿ.ಮೀ. ಡಿಸ್ಕ್. ಒಂದೇ ಕಡೆಯಿಂದ ಆಚೆ ದಾಟಿಸದೆ ಪೈಪನ್ನು ತಿರುಗಿಸುತ್ತಾ ಕತ್ತರಿಸಿ. ಒಳಹೊರಗಿನ ಚೂಪನ್ನು ಅರದಿಂದ ತೆಗೆದು, ಎರಡು ತುದಿ ಕೂಡಿಸಿ ಬೆಳಕಿಗೆ ಹಿಡಿಯಿರಿ. ಟಿಗ್ (ಟಂಗ್‌ಸ್ಟನ್ ಮೊನೆಯ ಕಿಡಿಯಿಂದ ಬೆಸೆಯುವ ವಿಧಾನ) ಆದರೆ ಬೆಳಕು ಕಾಣಲೇಬಾರದು, ಮಿಗ್ ಆದರೆ ಒಂದು ಮಿ.ಮೀ.ವರೆಗೆ ನಡೆಯುತ್ತದೆ. ತಿರುವು ಕೂತ ಕೋನ ಸರಿಬಂದ ಕೂಡಲೇ ಎರಡೂ ಪೈಪಿನ ಮೇಲೆ ಹಾಯುವಂತೆ ಒಂದು ಗೆರೆ ಎಳೆಯಿರಿ. ಬಿಚ್ಚಿದ ಮೇಲೆ ಐದು ಡಿಗ್ರಿ ತಿರುಗಿದರೂ ಸೈಲೆನ್ಸರ್ ತುದಿ ಬಂಪರಿಗೆ ತಾಗುತ್ತದೆ.

ಗಾಡಿಯ ಕೆಳಗೆ ಬರೀ ಟ್ಯಾಕ್, ಅಂದರೆ ಪೈಪು ಅಲುಗದಂತೆ ಹಿಡಿಯುವ ಚುಕ್ಕೆ ಬೆಸುಗೆ, ಒಂದು ಸಂದಿಗೆ ಮೂರು. ಅದಕ್ಕೂ ಮುಂಚೆ ಬ್ಯಾಟರಿ ಕಳಚಿ, ವೆಲ್ಡಿಂಗಿನ ಅರ್ತ್ ಕ್ಲ್ಯಾಂಪನ್ನು ಆ ಪೈಪಿಗೇ ಹಾಕಿ, ಇಂಧನದ ಪೈಪುಗಳಿಗೆ ಬೆಂಕಿ ತಡೆಯುವ ಹೊದಿಕೆ ಹೊದಿಸಿ. ಟ್ಯಾಂಕಿನ ಪಕ್ಕದ ಸಂದುಗಳಿಗೆ ಗೆರೆ ಎಳೆದು, ಪೈಪು ಹೊರಗೆ ತಂದೇ ಟ್ಯಾಕ್ ಹಾಕುತ್ತೇನೆ. ಪೈಪು ಒರೆಸಲು ಅಸಿಟೋನ್ ಸಾಕು, ಅದು ಪೂರ್ತಿ ಆರಿದ ಮೇಲೆ ಕಿಡಿ ಹಚ್ಚಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ವೆಲ್ಡಿಂಗ್ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಮೇಜಿನ ಮೇಲೆ ಪೂರ್ತಿ ಬೆಸೆಯುವಾಗ ಒಂದೇ ಸುತ್ತಿನಲ್ಲಿ ಮುಗಿಸುವ ಆಸೆ ಬಿಡಿ. ಕಾಲು ಸುತ್ತು ಬೆಸೆದು ಎದುರಿನ ಕಾಲು ಭಾಗಕ್ಕೆ ಹೋಗಬೇಕು, ಇಲ್ಲದಿದ್ದರೆ ಪೈಪು ಬೆಸೆದ ಕಡೆಗೆ ಎಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ಸಿಗೆ 308ಎಲ್ ತಂತಿ. ಟಿಗ್ ಮಾಡುವವರು ಪೈಪಿನ ಎರಡೂ ತುದಿಗೆ ಫಾಯಿಲ್ ಮುಚ್ಚಿ, ಒಂದು ಕಡೆಯಿಂದ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಸಣ್ಣ ತೂತು ಇಡಬೇಕು. ಗ್ಯಾಸ್ ಒಳಗೆ ತುಂಬದಿದ್ದರೆ ಬೆಸುಗೆಯ ಹಿಂಬದಿ ಕಪ್ಪು ಸಕ್ಕರೆಯಂತೆ ಉಕ್ಕಿ, ಮುಂದೆ ಅಲ್ಲೇ ಬಿರುಕು ಬಿಡುತ್ತದೆ. ಫ್ಲ್ಯಾಂಜ್ ಬೆಸೆಯುವಾಗ ಅದರ ಜೋಡಿಗೆ ಬೋಲ್ಟ್ ಬಿಗಿದಿರಬೇಕು, ತಣ್ಣಗಾಗುವವರೆಗೂ ಬಿಚ್ಚಬೇಡಿ. ಸೊಟ್ಟಗಾದ ಫ್ಲ್ಯಾಂಜಿಗೆ ಯಾವ ಗ್ಯಾಸ್ಕೆಟ್ಟೂ ನಿಲ್ಲದು.

ಆಕ್ಸಿಜನ್ ಸೆನ್ಸರ್ ಕೂರುವ ಬುಷ್ಷಿನ ಮರೆ (ತಿರುಪಿನ ಥ್ರೆಡ್) ಎಂ18×1.5. ಬೆಸೆಯುವಾಗ ಹಳೆಯ ಸೆನ್ಸರನ್ನೋ ಹಿತ್ತಾಳೆಯ ಪ್ಲಗ್ಗನ್ನೋ ತಿರುಗಿಸಿಟ್ಟರೆ ಮರೆ ಕೆಡುವುದಿಲ್ಲ. ಸೆನ್ಸರ್ ಗಡಿಯಾರದ ಹತ್ತು ಮತ್ತು ಎರಡರ ನಡುವೆ ನಿಲ್ಲಲಿ, ಕೆಳಮುಖವಾದರೆ ಪೈಪಿನಲ್ಲಿ ಇಳಿದ ನೀರು ಅದನ್ನು ಒಡೆಯುತ್ತದೆ. ಅದಕ್ಕಿಂತ ಮುಂದೆ, ಎಂಜಿನ್ ಕಡೆಗೆ, ಕೂದಲೆಳೆಯ ಸೋರಿಕೆ ಇದ್ದರೂ ಹೊರಗಾಳಿ ಒಳಗೆ ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದು ಸೆನ್ಸರ್ ಹೇಳುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ.

ಪೂರ್ತಿ ಒಂದೇ ತುಂಡಾಗಿ ಬೆಸೆಯಬೇಡಿ. ಎರಡೂವರೆ ಮೀಟರ್ ಉದ್ದದ 304 ಪೈಪು 300 ಡಿಗ್ರಿ ಬಿಸಿಯೇರಿದರೆ ಹೆಚ್ಚುಕಮ್ಮಿ 13 ಮಿ.ಮೀ. ಉದ್ದವಾಗುತ್ತದೆ, ಮೈಲ್ಡ್ ಸ್ಟೀಲ್ ಆದರೆ 9. ಎಂಜಿನ್ ಬೇರೆ ತನ್ನ ಮೌಂಟಿನ ಮೇಲೆ ಹೊರಳಾಡುತ್ತದೆ. ಮುಂಭಾಗದಲ್ಲಿ ಒಂದು ಫ್ಲೆಕ್ಸ್ (ಬಳುಕುವ ಪೈಪಿನ ತುಂಡು), ಎಲ್ಲ ಹ್ಯಾಂಗರೂ ರಬ್ಬರಿನದು, ಬಿಚ್ಚಬೇಕಾದ ಕಡೆ ಎರಡು ಅಂಚನ್ನು ಸುತ್ತಿ ಬಿಗಿಯುವ ವಿ-ಬ್ಯಾಂಡ್ ಪಟ್ಟಿ ಅಥವಾ ಒಂದರೊಳಗೊಂದು ತೂರುವ ಸ್ಲಿಪ್ ಜಾಯಿಂಟ್. ಸ್ಲಿಪ್ಪಿಗೆ 40–50 ಮಿ.ಮೀ. ಒಳಹೊಕ್ಕಿರಲಿ, ಎಂಜಿನ್ ಕಡೆಯ ಪೈಪು ಒಳಗೆ, ಹಿಂದಿನದು ಹೊರಗೆ. ಯು-ಬೋಲ್ಟ್ ಕ್ಲ್ಯಾಂಪು ಪೈಪನ್ನು ಅಮುಕಿಬಿಡುತ್ತದೆ, ಮತ್ತೆ ಬಿಚ್ಚಲು ಬರುವುದಿಲ್ಲ. ಅಗಲ ಪಟ್ಟಿಯ ಬ್ಯಾಂಡ್ ಕ್ಲ್ಯಾಂಪೇ ನನ್ನ ಆಯ್ಕೆ. ಸ್ಟೇನ್‌ಲೆಸ್ ನಟ್ಟಿಗೆ ತಾಮ್ರದ ಗ್ರೀಸ್ ಹಚ್ಚದಿದ್ದರೆ ಅದು ಬೋಲ್ಟಿಗೇ ಅಂಟಿಕೊಳ್ಳುತ್ತದೆ.

ಸೋರಿಕೆ ನೋಡಲು ಎಂಜಿನ್ ಹಚ್ಚಬೇಕಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಹಿಂದಿನ ಪೈಪಿಗೆ ಬಟ್ಟೆ ಸುತ್ತಿ ಹಿಡಿಸಿ, ಪ್ರತಿ ಸಂದಿಗೂ ಸೋಪಿನ ನೀರು ಎರಚಿ. ಸೈಲೆನ್ಸರಿನ ತಳದಲ್ಲಿ ನೀರು ಬಸಿಯಲು ಬಿಟ್ಟ ಸೂಜಿತೂತು ಗುಳ್ಳೆ ಬಿಡುವುದು ಸಹಜ, ಅದನ್ನು ಮುಚ್ಚಬೇಡಿ. ಆಮೇಲೆ ಬಯಲಲ್ಲಿ ನಿಲ್ಲಿಸಿ ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಕ್ಲ್ಯಾಂಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಪ್ರತಿಯೊಂದೂ ಕಾಲು ಸುತ್ತಾದರೂ ಒಳಗೆ ಹೋಗುತ್ತದೆ.